ಮೂವತ್ತೊಂದು ನಂಬರಿನ ಪಂಚು

ಮ್ಯಾನೇಜರ್ ಉದಯಕುಮಾರ ಕೇಳದೆಯೇ ರಜೆ ಕೊಟ್ಟಾಗಲೇ ಸುವರ್ಣಾಳ ಮೂಗಿಗೆ ವಾಸನೆ ಬಡಿಯಬೇಕಿತ್ತು. ಬಡಿಯಲಿಲ್ಲ. ಎಂದೂ ನಗದವನು ನಕ್ಕ ಕೂಡಲೇ ನಾವೆಲ್ಲ ಹೀಗೇ, ನಗುವಿನ ಹಿಂದೇನಿದೆ ಎಂದು ನೋಡುವ ಬುದ್ಧಿಯನ್ನು ಕಳಚಿ ಗೂಟಕ್ಕೆ ನೇತುಹಾಕಿಬಿಡುತ್ತೇವೆ.

ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಶ್ರೀಮಾತಾ ಫ್ಯಾಬ್ರಿಕೇಟರ್ಸ್ ಎಂಬ ಗುತ್ತಿಗೆ ಕಂಪನಿ. ಸುವರ್ಣಾ ಅಲ್ಲಿ ವೆಲ್ಡರ್. ಐಟಿಐ ಮುಗಿಸಿ ಸೇರಿದ ದಿನದಿಂದ ಅವಳ ಪಾಲಿಗೆ ಬಂದದ್ದು ಗೇಟು, ಕಿಟಕಿಯ ಗ್ರಿಲ್ಲು, ನೀರಿನ ಟಾಕಿಯ ಸ್ಟ್ಯಾಂಡು. ಬಾಯ್ಲರಿನ ಕೆಲಸ ಬಂದರೆ ಗಂಡಸರು ಹೆಗಲಿಗೆ ಕೇಬಲ್ ಹಾಕಿಕೊಂಡು ಜೀಪು ಹತ್ತುತ್ತಿದ್ದರು. ಇವಳು ಶೆಡ್ಡಿನಲ್ಲಿ ಉಳಿದು ಮತ್ತೊಂದು ಗ್ರಿಲ್ಲಿಗೆ ಹೂಬಳ್ಳಿ ಬೆಸೆಯುತ್ತಿದ್ದಳು. ಬಾಯ್ಲರಿನ ಟ್ಯೂಬು ಬೆಸೆಯಬೇಕು, ಒಳಗಿನ ಉಗಿಯ ಒತ್ತಡವನ್ನು ತನ್ನ ಬೆಸುಗೆ ತಡೆದು ನಿಲ್ಲಬೇಕು, ಅದೊಂದೇ ಅವಳ ಆಸೆ. ವೆಲ್ಡರುಗಳ ಲೋಕದಲ್ಲಿ ಅದನ್ನು ಮಾಡಿದವನೇ ವೆಲ್ಡರ್. ಉಳಿದವರು ಅಂಟು ಹಚ್ಚುವವರು.

ಇನ್ನೊಂದು ಆಸೆ ಕಾಲಿನದು. ಸಂಜೆ ಶೆಡ್ಡಿನಿಂದ ಹೊರಬಿದ್ದರೆ ನೇರ ಮಹಾಬಳೇಶ್ವರ ಮಾಸ್ತರರ ಭರತನಾಟ್ಯದ ಕ್ಲಾಸಿಗೆ. ಚಿಕ್ಕಂದಿನಿಂದ ಬಿಟ್ಟೂಬಿಡದೆ ಕಲಿತವಳು. ಅಪ್ಪ ತೀರಿಕೊಂಡ ವರ್ಷವೂ ಬಿಟ್ಟಿರಲಿಲ್ಲ. ಅಲ್ಲಿ ಮಕ್ಕಳನ್ನು ಕರೆತರುವ ತಾಯಂದಿರು ಅವಳು ಬಂದೊಡನೆ ಸೆರಗಿನ ಚುಂಗನ್ನು ಮೂಗಿಗೆ ಒಯ್ಯುತ್ತಿದ್ದರು. ಕೂದಲಲ್ಲಿ ವೆಲ್ಡಿಂಗ್ ರಾಡಿನ ಹೊಗೆ, ಮುಂಗೈ ತುಂಬ ಕಿಡಿ ಹಾರಿ ಸುಟ್ಟ ಕಪ್ಪು ಚುಕ್ಕೆ. "ಪೌಡರ್ ಹಚ್ಚಿದ್ರ ಮುಚ್ಚತಾವೇನವಾ?" ಎಂದು ಕನಿಕರದಿಂದ ಕೇಳುವವರು. ಆ ಕನಿಕರಕ್ಕಿಂತ ಸೆರಗೇ ವಾಸಿ. ಶೆಡ್ಡಿನಲ್ಲಂತೂ ಅವಳು ನಡೆದರೆ ಯಾರಾದರೂ ಕೀಲಿಕೈ ಗೊಂಚಲು ಅಲುಗಾಡಿಸಿ ಗೆಜ್ಜೆಯ ಸದ್ದು ಮಾಡಲೇಬೇಕು, ಉಳಿದವರು ಹಲ್ಲು ಕಿಸಿಯಲೇಬೇಕು. ಶೆಡ್ಡಿನಲ್ಲಿ ಅವಳು 'ಕುಣಿಯಾಕಿ', ಕ್ಲಾಸಿನಲ್ಲಿ 'ವೆಲ್ಡಿಂಗಿನಾಕಿ'. ಎರಡೂ ಕಡೆ ಅವಳನ್ನು ಬೋನಿನ ಪ್ರಾಣಿಯಂತೆ ನೋಡುವವರೇ ಹೊರತು, ಬೆಸುಗೆ ಹೇಗಿದೆ, ಹೆಜ್ಜೆ ಹೇಗಿದೆ ಎಂದು ನೋಡಿದವರು ಕಡಿಮೆ.

ಹಾಗಿರುವಾಗ ಬೇಸಿಗೆಯ ಮೊದಲಿಗೆ ಉದಯಕುಮಾರ ಅವಳನ್ನು ಬಾಯ್ಲರ್ ವೆಲ್ಡರಿನ ಪರೀಕ್ಷೆಗೆ ಕಳಿಸಿದ. ಓರೆಯಾಗಿ ನಿಲ್ಲಿಸಿದ ಪೈಪನ್ನು ಸುತ್ತಲೂ ಬೆಸೆದು ಕೊಡಬೇಕು. ಅದರ ಎಕ್ಸ್‌ರೇ ತೆಗೆಯುತ್ತಾರೆ. ನೃತ್ಯದಲ್ಲಿ ಮೊಣಕಾಲು ಬಾಗಿಸಿ ಅರೆಮಂಡಿಯಲ್ಲಿ ಗಂಟೆಗಟ್ಟಲೆ ನಿಂತು ಪಳಗಿದ ತೊಡೆಗಳು ಅವಳನ್ನು ಅಲುಗಾಡಗೊಡಲಿಲ್ಲ. ಪಾಸಾದಳು. ಅವಳಿಗೆ ಮೂವತ್ತೊಂದು ಎಂಬ ನಂಬರು ಬಂತು, ಆ ನಂಬರನ್ನು ಲೋಹದ ಮೇಲೆ ಅಚ್ಚೊತ್ತುವ ಉಕ್ಕಿನ ಪಂಚು ಬಂತು. ಬಾಯ್ಲರಿನಲ್ಲಿ ಯಾವ ಜಾಯಿಂಟು ಯಾರದೆಂದು ಗೊತ್ತಾಗಲು ವೆಲ್ಡರ್ ತನ್ನ ಬೆಸುಗೆಯ ಪಕ್ಕ ತನ್ನ ನಂಬರನ್ನು ತಾನೇ ಸುತ್ತಿಗೆಯಿಂದ ಬಡಿಯಬೇಕು. ನಾಳೆ ಟ್ಯೂಬು ಒಡೆದು ಯಾರಾದರೂ ಸತ್ತರೆ ಮೊದಲು ಹುಡುಕುವುದು ಆ ನಂಬರನ್ನೇ. ಒಬ್ಬರ ಪಂಚು ಇನ್ನೊಬ್ಬರು ಮುಟ್ಟುವುದಿಲ್ಲ. ಸುವರ್ಣಾ ಅದನ್ನು ಅರಿವೆಯಲ್ಲಿ ಸುತ್ತಿ, ಗೆಜ್ಜೆಯ ಚೀಲದಲ್ಲೇ ಇಟ್ಟುಕೊಂಡು ಓಡಾಡಿದಳು.

ಪಂಚು ಬಂದರೂ ಕೆಲಸ ಬರಲಿಲ್ಲ. ಕೊನೆಗೆ ಊರ ಹೊರಗಿನ ಪ್ಲೈವುಡ್ ಕಾರ್ಖಾನೆಯೊಂದರ ಬಾಯ್ಲರ್ ದುರಸ್ತಿಗೆ ನಿಂತಿತು, ಕೆಲಸ ಶ್ರೀಮಾತಾಕ್ಕೆ ಸಿಕ್ಕಿತು. ಆದರೆ ಅದೇ ವಾರದ ಭಾನುವಾರ ಸಂಜೆ ಹಳಿಯಾಳದಲ್ಲಿ ಅವಳ ಕಾರ್ಯಕ್ರಮ, ಮೊದಲ ಬಾರಿಗೆ ಪೂರ್ತಿ ಅವಳೊಬ್ಬಳದೇ. ಎರಡರಲ್ಲಿ ಯಾವುದನ್ನು ಕೈಬಿಡಲಿ ಎಂದು ಅವಳು ಅನ್ನ ನೀರು ಬಿಟ್ಟು ಕೂತಿದ್ದಾಗ ಉದಯಕುಮಾರ ಕ್ಯಾಬಿನ್ನಿಗೆ ಕರೆದ.

"ಸುವರ್ಣಾ, ನೀ ಕುಣಿಯಾಕ ಹೋಗವಾ. ಶುಕ್ರವಾರದಿಂದ ಭಾನುವಾರತನಾ ನಿನಗ ರಜಾ. ಕಲಾವಿದರು ನಮ್ಮ ಶೆಡ್ಡಿನ್ಯಾಗ ಅದಾರ ಅಂದ್ರ ನಮಗೂ ಹೆಮ್ಮೀನ. ಬ್ಯಾನರ್ ಸೈತ ಕಂಪನಿ ಕಡಿಂದ ಹಾಕಸ್ತೇನಿ."

"ಮತ್ತ ಬಾಯ್ಲರ್ ಕೆಲಸ್ರೀ?"

"ಸೋಮವಾರ ನೀನ ಬಂದು ಮಾಡುವಂತಿ. ಅಲ್ಲೀಮಟ ಟ್ಯೂಬ್ ಕೊಯ್ದು ತಯಾರ ಮಾಡಿ ಇಟ್ಟಿರತೇವಿ. ಹಾಂ, ನಿನ್ನ ಪಂಚ್ ಸ್ಟೋರಿನ್ಯಾಗ ಕೊಟ್ಟು ಹೋಗು. ಒಮ್ಮೆ ಚೆಕ್ ಮಾಡೋದೈತಿ."

ಅವಳು ಕೊಟ್ಟಳು. ಸಹಿ ಮಾಡಿದ ಖಾಲಿ ಕಾಗದವನ್ನು ಕಳ್ಳನ ಕೈಗೆ ಕೊಟ್ಟ ಹಾಗೆ, ಅರಿವೆ ಬಿಚ್ಚಿ, ಒರೆಸಿ, ಎರಡೂ ಕೈಯಿಂದ ಕೊಟ್ಟಳು. ಅಷ್ಟಕ್ಕೇ ನಿಲ್ಲಲಿಲ್ಲ. ಬಗ್ಗಿ ಅವನ ಬೂಟು ಮುಟ್ಟಿ ನಮಸ್ಕಾರ ಮಾಡಿದಳು. ತಾಯಿ ದುರ್ಗವ್ವ ಮರುದಿನ ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿ ಅವನ ಮನೆಗೆ ಮುಟ್ಟಿಸಿದಳು. ಅವನು ತಿಂದನಂತೆ. ಚೆನ್ನಾಗಿದೆ ಎಂದು ಹೇಳಿಯೂ ಕಳಿಸಿದನಂತೆ.

ಭಾನುವಾರ ಮುಂಜಾನೆ ದುರ್ಗವ್ವ ನೃತ್ಯದ ಉಡುಪಿಗೆ ಇಸ್ತ್ರಿ ಹಾಕುತ್ತಿದ್ದಳು. ಸುವರ್ಣಾ ಕೈಬೆರಳ ತುದಿಗೆ ಕೆಂಪು ಅಲತಿ ಹಚ್ಚಿ ಒಣಗಲೆಂದು ಗಾಳಿಗೆ ಹಿಡಿದು ಕೂತಿದ್ದಳು. ಆಗ ಸುಭಾನಿ ಚಾಚಾ ಬಾಗಿಲಿಗೆ ಬಂದ. ಅದೇ ಓಣಿಯವನು, ಅದೇ ಪ್ಲೈವುಡ್ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವವನು. ದಿನವಿಡೀ ಬಾಯ್ಲರಿನ ಎದುರು ನಿಂತು ಬೆಂಕಿ, ನೀರು, ಉಗಿ ಸಂಬಾಳಿಸುವ ಕೆಲಸ. ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆ.

"ನಿನ್ನ ಡ್ಯಾನ್ಸಿಗೆ ತಂದೇನಿ ಬೇಟಿ. ನಿನಗ ಶಾಬಾಶ್ ಅಂತ ಹೇಳೋದೂ ಇತ್ತು. ದುರಸ್ತಿ ಅಂತ ನನಗ ರಜಾ ಇತ್ತು, ನಿನ್ನಿ ಸಂಜೀಕ ಹೋಗಿ ಬಾಯ್ಲರ್ ಒಳಗ ಹೊಕ್ಕು ನೋಡಿದ್ನಿ. ಜಾಯಿಂಟೆಲ್ಲ ಮುಗಿಯಾಕ ಬಂದಾವು. ಬಾಜೂಕ ನಿನ್ನ ನಂಬರು. ಇಷ್ಟ ವರ್ಷ ಯಾರ‍್ಯಾರೋ ಬೆಸೆದಿದ್ದರ ಮುಂದ ನಿಂತೇನಿ, ಅಂಜಿಕೊಂತನ ನಿಂತೇನಿ. ಇನ್ನ ನಮ್ಮ ಓಣಿ ಹುಡುಗಿ ನಂಬರಿನ ಮುಂದ ನಿಂದರೂದು. ಅಂಜಿಕೆ ಹೋತು."

ಸುವರ್ಣಾಗೆ ಮೊದಲು ಅರ್ಥವೇ ಆಗಲಿಲ್ಲ. "ನಾ ಆ ಬಾಯ್ಲರ್ ಕಡೆ ಹೋಗೇ ಇಲ್ಲಲ್ಲ ಚಾಚಾ. ನಾ ಸೋಮವಾರ ಬರಾಕಿ."

"ಹಂಗಂದ್ರ? ಮೂವತ್ತೊಂದು ನಿಂದ ಹೌದಿಲ್ಲೋ?"

ಹೌದು, ಅವಳದೇ. ಬಾಯ್ಲರಿನ ಕೆಲಸಕ್ಕೆ ಹೋಗುವ ಗಂಡಸರಲ್ಲಿ ಬೆಸೆಯುವವನು ಈರೇಶನೊಬ್ಬನೇ, ಶೆಡ್ಡಿನ ಹಳೆಯ ಕೈ. ಅವನ ಪರವಾನಗಿಯ ಅವಧಿ ಮುಗಿದು ತಿಂಗಳುಗಳಾಗಿತ್ತು. ಮತ್ತೆ ಪರೀಕ್ಷೆಗೆ ಕೂತು ಫೇಲಾಗಿ ಬಂದಿದ್ದ. ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸುದ್ದಿ. ಅವನ ನಂಬರು ನಡೆಯುವುದಿಲ್ಲ. ಅದಕ್ಕೇ ಇವಳನ್ನು ಪರೀಕ್ಷೆಗೆ ಕಳಿಸಿದ್ದು! ಬಾಯ್ಲರಿಗೆ ಹೆಂಗಸಿನ ಕೈಯನ್ನು ನಂಬುವವನಲ್ಲ ಉದಯಕುಮಾರ. ಬೇಕಾಗಿದ್ದದ್ದು ಇವಳ ಕೈಯಲ್ಲ, ಇವಳ ನಂಬರು. ಕೈ ಹತ್ತಿರ ಸುಳಿಯದಿರಲೆಂದು ಕುಣಿಯಲು ರಜೆ. ಅವಳು ಹಿತ್ತಲಿಗೆ ಹೋಗಿ ಬೂಟು ಮುಟ್ಟಿದ ಕೈಯನ್ನು ಬೂದಿ ಹಾಕಿ ತಿಕ್ಕಿ ತೊಳೆದಳು. ಅಲತಿ ಹೋಗಲಿಲ್ಲ, ಬೂಟು ಮುಟ್ಟಿದ್ದೂ ಹೋಗಲಿಲ್ಲ.

"ಎಲ್ಲಿ ಹೊಂಟಿ? ಸಂಜೀಕ ಹಳಿಯಾಳ ಐತಿ!" ಎಂದು ದುರ್ಗವ್ವ ಕೂಗುತ್ತಿದ್ದಂತೆ ಅವಳು ಸುಭಾನಿ ಚಾಚಾನನ್ನು ಹಿಂದೆ ಕೂರಿಸಿಕೊಂಡು ಸ್ಕೂಟಿ ಹೊರಳಿಸಿದ್ದಳು.

ಕಾರ್ಖಾನೆಯಲ್ಲಿ ಬಾಯ್ಲರಿನ ಒಲೆ ತಣ್ಣಗಿತ್ತು. ಬಾಗಿಲಿನಿಂದ ಬಗ್ಗಿ ಒಳಗೆ ಹೊಕ್ಕರೆ ಮನುಷ್ಯ ನಿಲ್ಲುವಷ್ಟು ಜಾಗ, ಗೋಡೆಯುದ್ದಕ್ಕೂ ಸಾಲಾಗಿ ನಿಂತ ಟ್ಯೂಬುಗಳು. ಈರೇಶ ಕೊನೆಯ ಜಾಯಿಂಟು ಮುಗಿಸಿ ಬೀಡಿ ಸೇದುತ್ತ ಕೂತಿದ್ದ. ಅವನ ಕಾಲ ಬುಡದಲ್ಲಿ, ಕಸ ತುಕ್ಕಿನ ನಡುವೆ, ಅವಳ ಪಂಚು ಬಿದ್ದಿತ್ತು.

"ಈರೇಶಣ್ಣಾ, ಏನಿದು?"

ಅವನು ಬೀಡಿ ಒತ್ತಿ ಆರಿಸಿದ. "ನನಗೇನ ಕೇಳತಿ ತಂಗಿ. ಸಾಹೇಬ್ರು ಹೊಡಿ ಅಂದ್ರು, ಹೊಡದ್ನಿ. ಕೆಲಸೇನ ಕೆಟ್ಟಿಲ್ಲ ತಗೋ."

ಅವಳು ಕೈಗನ್ನಡಿ ತೆಗೆದುಕೊಂಡು ಟ್ಯೂಬಿನ ಹಿಂಬದಿಗೆ ಹಿಡಿದಳು, ಬ್ಯಾಟರಿಯ ಬೆಳಕು ಬಿಟ್ಟಳು. ಕಣ್ಣಿಗೆ ಕಾಣುವ ಮುಂಬದಿಯಲ್ಲಿ ಬೆಸುಗೆ ಚೆಂದಾಗಿ, ಸಾಲು ಹಿಡಿದು ಕೂತಿತ್ತು. ಗೋಡೆಯ ಕಡೆ, ಕೈ ಹೋಗಲು ಕಷ್ಟವಾದಲ್ಲಿ, ಹೊಂಡ. ಅದರ ಮೇಲೆ ತೇಪೆ ಬಳಿದಂತೆ ಒಂದು ಪದರ. ಪಕ್ಕದ ಟ್ಯೂಬೂ ಅದೇ ಹಣೆಬರಹ. ಪ್ರತಿಯೊಂದರ ಬದಿಗೂ ಮೂವತ್ತೊಂದು, ಮೂವತ್ತೊಂದು. ಒಂದು ಕಡೆಯಂತೂ ನಂಬರು ಸೊಟ್ಟಗೆ ಬಿದ್ದಿತ್ತು. ಕದ್ದ ಹೆಸರನ್ನು ನೆಟ್ಟಗೆ ಹೊಡೆಯುವ ಮರ್ಯಾದೆಯೂ ಇವರಿಗಿರಲಿಲ್ಲ.

ಸುದ್ದಿ ಮುಟ್ಟಿ ಉದಯಕುಮಾರ ಕಾರಿನಲ್ಲಿ ಬಂದಿಳಿದ. ಬಾಗಿಲಿನಿಂದ ತಲೆ ತೂರಿಸಿದ. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಅಷ್ಟು ಅಸಹ್ಯವಾಗುತ್ತಿರಲಿಲ್ಲ. ಅವನು ನಕ್ಕ.

"ಅಯ್ಯ, ಇಷ್ಟಕ್ಕ ಯಾಕ ಮಾರಿ ಸೊಟ್ಟ ಮಾಡಕೊಂಡಿ? ಹೆಸರ ನಿಂದ ಬರ್ತೈತೆವಾ. ಮಹಿಳಾ ವೆಲ್ಡರ್ ಬಾಯ್ಲರ್ ಮಾಡಿದ್ಳು ಅಂತ ಪೇಪರಿನ್ಯಾಗ ಫೋಟೋ ಹಾಕಸ್ತೇನಿ. ಅಂವ ಬೆಸೀಲಿ, ನೀ ಕುಣಿ. ಇಬ್ಬರಿಗೂ ಹಗೂರ."

ಬೆಣ್ಣೆ ಹಚ್ಚಿದ ಆ ಮಾತು ಅವಳ ಮೈಮೇಲೆ ಜಿರಲೆಯಂತೆ ಹರಿಯಿತು. ಥೂ, ಇದನ್ನು ಉಪಕಾರವೆಂದುಕೊಂಡೆನಲ್ಲ! ಬಾಗಿಲಾಚೆ ಸುಭಾನಿ ಚಾಚಾ ನಿಂತಿದ್ದ. ಟೊಪ್ಪಿಗೆ ಕೈಯಲ್ಲಿ ಹಿಡಿದಿದ್ದ. ಇನ್ನು ಅಂಜಿಕೆ ಹೋತು ಎಂದ ಮನುಷ್ಯ.

ಸುವರ್ಣಾ ಮೂಲೆಯಲ್ಲಿದ್ದ ಗ್ರೈಂಡರ್ ಎತ್ತಿಕೊಂಡಳು. ಅದಕ್ಕೆ ಕೊಯ್ಯುವ ಚಕ್ರ ಹಾಕಿ ಬಿಗಿದಳು.

"ಏಯ್, ಏನ ಮಾಡತಿ?"

"ನನ್ನ ಜಾಯಿಂಟ್ ಕೊಯ್ಯತೇನ್ರಿ. ನನಗ ಸೇರಲಿಲ್ಲ."

"ಹುಚ್ಚ ಹಿಡದೈತೇನ! ನಾಳಿ ಸಂಜೀಕ ಇನ್ಸ್‌ಪೆಕ್ಟರ್ ಬರ್ತಾರ!"

"ಮೂವತ್ತೊಂದು ಅಂತ ಬಡದಾರಲ್ರಿ? ಮೂವತ್ತೊಂದು ನಾನ. ನನ್ನ ಕೆಲಸ ನನಗ ಸರಿ ಕಾಣಲಿಲ್ಲ ಅಂದ್ರ ಕೊಯ್ದು ಮತ್ತ ಮಾಡೂದು ನನ್ನ ಹಕ್ಕು. ಬ್ಯಾಡ ಅಂತೀರಾ? ಹಂಗಾರ ಇವು ಯಾರ ಬೆಸೆದಿದ್ದು ಅಂತ ಇಲ್ಲೇ, ಎಲ್ಲಾರ ಮುಂದ ಹೇಳ್ರಿ. ಗ್ರೈಂಡರ್ ಕೆಳಗ ಇಡತೇನಿ."

ಉದಯಕುಮಾರ ಹಿಂತಿರುಗಿ ನೋಡಿದ. ಅವನ ಬೆನ್ನಿಗೆ ಪ್ಲೈವುಡ್ ಕಾರ್ಖಾನೆಯ ನಾಲ್ಕಾರು ಜನ ಸೇರಿದ್ದರು. ಈರೇಶ ಎದ್ದು, ಯಾರ ಮುಖವನ್ನೂ ನೋಡದೆ, ಬಗ್ಗಿ ಬಾಗಿಲಿನಿಂದ ಹೊರಹೋದ. ಸುವರ್ಣಾ ಗ್ರೈಂಡರ್ ಚಾಲು ಮಾಡಿದಳು. ಒಂದೊಂದೇ ಜಾಯಿಂಟು ಕೊಯ್ದು ತೆಗೆದಳು. ಕಿಡಿ ಅವಳ ಚೂಡಿದಾರದ ಮೇಲೆ ಹಾರಿತು, ಸುಡದಿದ್ದ ಜಾಗದಲ್ಲೂ ಕೈ ಸುಟ್ಟಿತು. ಆಮೇಲೆ ಪಂಚನ್ನು ಹೆಕ್ಕಿಕೊಂಡು, ಓಢಣಿಯಿಂದ ಒರೆಸಿಕೊಂಡು ಹೊರಬಂದಳು.

"ಕೊಯ್ದಾಕಿ ನೀನ, ಈಗ ನೀನ ಕೂಡಸು," ಎಂದ ಉದಯಕುಮಾರ. ಬೆಣ್ಣೆ ಕರಗಿಹೋಗಿತ್ತು. "ಇವತ್ತ ಬೆಸೆದು ಮುಗಸು. ಇಲ್ಲಾಂದ್ರ ನೋಡು."

ಬೆಸೆಯುವುದು ಅವಳ ಬಹುದಿನದ ಆಸೆಯೇ. ಆದರೆ ಆ ಕ್ಷಣಕ್ಕೆ, ಆ ಬಾಯಿಂದ, ಆಸೆಯೂ ಎಂಜಲಾಗಿ ಕಂಡಿತು.

"ಇವತ್ತ ನನಗ ರಜಾ ಐತ್ರಿ," ಎಂದಳು. "ನಾಳಿ ಮುಂಜಾನೆ ಬರ್ತೇನಿ."

"ಆಕಿ ಬರೂತನಾ ಯಾರೂ ಒಳಗ ಹೋಗಂಗಿಲ್ಲ," ಎಂದ ಸುಭಾನಿ ಚಾಚಾ, ತಣ್ಣಗೆ. "ಆಕಿ ಬೆಸೆದಿಲ್ಲಂದ್ರ ನಾ ಒಲಿಗೆ ಬೆಂಕಿ ಹಾಕೂದಿಲ್ಲ. ಇನ್ಸ್‌ಪೆಕ್ಟರ್ ಸಾಹೇಬ್ರಿಗೂ ಹೇಳತೇನಿ, ಮಾಲಕರಿಗೂ ಹೇಳತೇನಿ." ಹೇಳಿ, ಬಾಯ್ಲರಿನ ಬಾಗಿಲಿಗೆ ಅಡ್ಡಲಾಗಿ ಒಂದು ಸ್ಟೂಲು ಎಳೆದು ಕೂತುಬಿಟ್ಟ.

ಹಳಿಯಾಳದ ಸಭಾಭವನದ ಮುಂದೆ ಬಸ್ಸಿಳಿದು ಬಂದ ತಾಯಿ ಮಗಳನ್ನು ಮೊದಲು ಎದುರುಗೊಂಡದ್ದು ಬ್ಯಾನರು. ಅದರ ಮೇಲೆ ಹೆಲ್ಮೆಟ್ ಹಿಡಿದ ಸುವರ್ಣಾ, ಬದಿಗೆ ಕೈಮುಗಿದ ಉದಯಕುಮಾರ, ಅವನದೇ ದೊಡ್ಡ ಫೋಟೋ. ಸಂಘಟಕರೊಬ್ಬರು ಓಡಿಬಂದರು. "ಮೇಡಂ, ಎಂಟ್ರಿ ಹೊತ್ತಿನ್ಯಾಗ ವೆಲ್ಡಿಂಗ್ ಹೆಲ್ಮೆಟ್ ಹಾಕ್ಕೊಂಡು ಬಂದ್ರ ಹೆಂಗ್ರೀ? ಪಬ್ಲಿಕ್ ಎದ್ದು ನಿಂತು ಚಪ್ಪಾಳಿ ಹೊಡೀತೈತಿ." ಇವರನ್ನೂ ಗ್ರೈಂಡರಿಗೆ ಕೊಡಬೇಕು ಎನಿಸಿತು ಅವಳಿಗೆ. ಮಹಾಬಳೇಶ್ವರ ಮಾಸ್ತರರು ಅವಳ ಮುಖ ನೋಡಿದರು, ಹೊಸ ಸುಟ್ಟಗಾಯ ನೋಡಿದರು. ಏನೂ ಕೇಳದೆ ಸಂಘಟಕರನ್ನು ತೋಳು ಹಿಡಿದು ಆಚೆ ಕರೆದೊಯ್ದರು. ಆ ಒಂದು ಉಪಕಾರಕ್ಕೆ ಅವಳು ಸಾಯುವವರೆಗೆ ಅವರಿಗೆ ಋಣಿ.

ಕುಣಿದಳು. ಮೊದಲ ಹೆಜ್ಜೆಗಳು ಸಿಟ್ಟಿನಿಂದ ನೆಲ ಒದ್ದವು, ತಾಳಕ್ಕಿಂತ ಮುಂದೆ ಓಡಿದವು. ಮೃದಂಗದವರು ಹುಬ್ಬು ಹಾರಿಸಿ ಅವಳನ್ನು ಹಿಡಿದು ತಂದರು. ಆಮೇಲೆ ಒಂಬತ್ತು ರಸಗಳನ್ನು ಮುಖದಲ್ಲಿ ತೋರಿಸುವ ಭಾಗ ಬಂತು. ಬೀಭತ್ಸ ಅವಳಿಗೆ ಎಂದೂ ಒಲಿದಿರಲಿಲ್ಲ. ಅಸಹ್ಯ ತೋರಿಸೆಂದರೆ ಕಹಿ ಔಷಧ ಕುಡಿದವಳಂತೆ ಮುಖ ಹಿಂಡುತ್ತಿದ್ದಳು, ಮಾಸ್ತರರು ನಗುತ್ತಿದ್ದರು. ಈ ಸಂಜೆ ಅವಳು ಏನನ್ನೂ ಹಿಂಡಲಿಲ್ಲ. ಮುಂಗೈಯನ್ನು, ಬೂಟು ಮುಟ್ಟಿದ ಆ ಕೈಯನ್ನು, ಮೆಲ್ಲಗೆ ಮೈಯಿಂದ ದೂರ ಸರಿಸಿದಳು. ಅದು ತನ್ನದಲ್ಲವೆಂಬಂತೆ ನೋಡಿದಳು, ಅಷ್ಟೇ. ಮುಂದಿನ ಸಾಲಿನಲ್ಲಿದ್ದವರು ಕುರ್ಚಿಯಲ್ಲಿ ಹಿಂದಕ್ಕೆ ಸರಿದರು.

ಆಮೇಲೆ ಚಪ್ಪಾಳೆ. ಜನ ವೇದಿಕೆ ಹತ್ತಿ ಬಂದರು. ಎಷ್ಟೋ ಜನ ಕೇಳಿದ್ದು ಒಂದೇ: "ಇವು ವೆಲ್ಡಿಂಗಿನ ಕಲೆ ಏನ್ರೀ? ಒಂದ ಸ್ವಲ್ಪ ಕೈ ಮುಂದ ಮಾಡ್ರಿ, ಸೆಲ್ಫಿ ತಗೋತೇವಿ." ಹೊಟ್ಟೆಯೊಳಗಿನ ಅಸಹ್ಯವನ್ನು ಬಗೆದು ತೋರಿಸಿದ್ದಳು, ಇವರು ಚರ್ಮದ ಚುಕ್ಕೆ ನೋಡಲು ಬಂದಿದ್ದರು. ದುರ್ಗವ್ವ ಶಾಲು ತಂದು ಮಗಳಿಗೆ ಹೊದಿಸಿ, ಜನರ ನಡುವಿನಿಂದ ಕರೆದೊಯ್ದಳು.

ಸೋಮವಾರ ಮುಂಜಾನೆ ಅವಳು ಬಂದಾಗ ಸುಭಾನಿ ಚಾಚಾ ಅದೇ ಸ್ಟೂಲಿನ ಮೇಲಿದ್ದ. ಉದಯಕುಮಾರನೂ ಇದ್ದ. ಬೇರೆ ದಾರಿ ಅವನಿಗಿರಲಿಲ್ಲ. ಶೆಡ್ಡಿನಲ್ಲಿ ನಡೆಯುವ ನಂಬರೆಂದರೆ ಅವಳದೊಂದೇ. ಹತ್ತಿರ ಬಂದು ತುಟಿ ಅಲುಗಿಸದೆ ಹೇಳಿದ, "ಇದನ್ನ ಮುಗಸು. ಆಮ್ಯಾಲೆ ನಮ್ಮ ಶೆಡ್ಡಿನ ಕಡೆ ಹಾಯಬ್ಯಾಡ. ಈ ಸುತ್ತ ಯಾವ ಗುತ್ತಿಗೆದಾರನೂ ನಿನಗ ಕೆಲಸ ಕೊಡದಂಗ ನಾ ನೋಡಕೋತೇನಿ."

"ಆತ್ರಿ," ಎಂದಳು. ಮನೆ ನಡೆಯುವುದು ಅವಳ ಕೈಯಿಂದಲೇ, ಅದು ಅವನಿಗೂ ಗೊತ್ತಿತ್ತು. ಆದರೂ ಒಳಗೆ ಹೊಕ್ಕಳು.

ಕೊಯ್ದ ತುದಿಗಳನ್ನು ಉಜ್ಜಿ, ಹೊಸ ತುಂಡು ಕೂರಿಸಿ, ಅಳತೆ ನೋಡಿದಳು. ಮಧ್ಯದಲ್ಲಿ ಬಾಗಿಲಿನಿಂದ ಬೆಳಕು ಮಾಯವಾಯಿತು. ತಿರುಗಿ ನೋಡಿದರೆ ಉದಯಕುಮಾರನ ತಲೆ, ಅವನ ಪಕ್ಕ ಕ್ಯಾಮೆರಾ ಹಿಡಿದವನೊಬ್ಬ, ಅವರ ಹಿಂದೆ ಕತ್ತು ಚಾಚಿದ ಮಂದಿ. ಸ್ವಲ್ಪ ಹೊತ್ತಿನ ಹಿಂದೆ ಅವಳ ಅನ್ನಕ್ಕೆ ಮಣ್ಣು ಹಾಕಿದ ಬಾಯಿ ಈಗ ಕಿವಿಯವರೆಗೆ ನಗುತ್ತಿತ್ತು.

"ನೋಡ್ರಿ, ಇವರ ನಮ್ಮ ಸುವರ್ಣಾ. ನಿನ್ನಿ ಹಳಿಯಾಳದಾಗ ಕುಣದಾರ, ಇವತ್ತ ಬಾಯ್ಲರ್ ಒಳಗ ಅದಾರ. ಎಲ್ಲಾ ನಮ್ಮ ಕಂಪನಿ ಪ್ರೋತ್ಸಾಹ."

"ಬೆರಳಿಗೆ ಬಣ್ಣ ಐತಲ್ರಿ ಮೇಡಂ! ಭಾರಿ ಬರ್ತೈತಿ," ಎಂದ ಕ್ಯಾಮೆರಾದವನು. "ಗ್ಲೌಸ್ ಹಾಕಬ್ಯಾಡ್ರಿ. ಒಂದ ಕೈಯಾಗ ಹೋಲ್ಡರ್ ಹಿಡೀರಿ, ಇನ್ನೊಂದ ಕೈಲೆ ಡ್ಯಾನ್ಸಿಂದ ಒಂದ ಮುದ್ರೆ ಮಾಡ್ರಿ. ಈ ಕಡೆ ನೋಡ್ರಿ, ನಗ್ರಿ."

ಅವಳು ನಗಲಿಲ್ಲ, ಬೈಯಲೂ ಇಲ್ಲ. ಇಂಥವರಿಗೆ ಬೈದು ಬಾಯಿ ಯಾಕೆ ಹೊಲಸು ಮಾಡಿಕೊಳ್ಳಬೇಕು? ಗ್ಲೌಸ್ ಏರಿಸಿದಳು. ರಾಡು ಸಿಕ್ಕಿಸಿದಳು. ಟ್ಯೂಬಿನ ಕೆಳಗೆ ಅರೆಮಂಡಿಯಲ್ಲಿ ಕುಳಿತು, ಬೆನ್ನು ನೆಟ್ಟಗೆ ಮಾಡಿ, ಕನ್ನಡಿಯಲ್ಲಿ ಹಿಂಬದಿಯ ಸಂದು ನೋಡಿಕೊಂಡಳು.

"ಒಂದ ನಿಮಿಷ ಮೇಡಂ, ಒಂದ ನಿಮಿಷ!"

ಅವಳು ತಲೆ ಕೊಡವಿ ಹೆಲ್ಮೆಟ್ಟಿನ ಗಾಜನ್ನು ಮುಖಕ್ಕೆ ಇಳಿಸಿದಳು. ರಾಡು ಗೀರಿದಳು. ಬಿಳಿ ಬೆಳಕು ಚಟಚಟನೆ ಎದ್ದಿತು, ಬಾಗಿಲಲ್ಲಿ ಕಿಕ್ಕಿರಿದು ಅವಳನ್ನು ನೋಡುತ್ತಿದ್ದವರೆಲ್ಲ ಕಣ್ಣು ಮುಚ್ಚಿಕೊಂಡು ಮುಖ ತಿರುಗಿಸಿದರು.